ಡಾರ್ ದಂಗೆ: ಜಮೀನಿಲ್ಲದವರು ವೋಟು ಕೇಳಿದಾಗ – ಪದೇ ಪದೇ ಕೇಳುವ ಪ್ರಶ್ನೆಗಳು

ಡಾರ್ ದಂಗೆ ಅಂದರೆ ಏನು?

ಅಮೆರಿಕದ ಈಶಾನ್ಯ ಮೂಲೆಯಲ್ಲಿ ರೋಡ್ ಐಲೆಂಡ್ ಅನ್ನುವ ರಾಜ್ಯವಿದೆ. ಆ ದೇಶದ ಎಲ್ಲ ರಾಜ್ಯಗಳಿಗಿಂತ ಚಿಕ್ಕದು. 1841–42ರಲ್ಲಿ ಅಲ್ಲಿನ ಜನ ವೋಟಿನ ಹಕ್ಕು ಕೇಳಿ ಕೇಳಿ ಸಾಕಾಗಿ, ಸರ್ಕಾರವನ್ನು ಪಕ್ಕಕ್ಕಿಟ್ಟು ತಾವೇ ಒಂದು ಸಂವಿಧಾನ ಬರೆದುಕೊಂಡರು. ತಾವೇ ಅದಕ್ಕೆ ಮತ ಹಾಕಿದರು. ತಮ್ಮದೇ ಗವರ್ನರನ್ನು ಆರಿಸಿದರು. ಹಳೇ ಸರ್ಕಾರ ಕುರ್ಚಿ ಬಿಡಲಿಲ್ಲ. ಆಮೇಲೆ ಬಂದದ್ದು ಫಿರಂಗಿ, ಸೈನ್ಯ, ಜೈಲು. ಮುಂದೆ ನಿಂತವನು ಥಾಮಸ್ ವಿಲ್ಸನ್ ಡಾರ್. ಹಾಗಾಗಿ ಅವನ ಹೆಸರೇ ಉಳಿಯಿತು.

ದಂಗೆ ಅನ್ನುವುದು ಹಳೇ ಸರ್ಕಾರದ ಕಡೆಯಿಂದ ನೋಡಿದಾಗಿನ ಮಾತು. ಡಾರ್ ಕಡೆಯವರು ತಾವು ದಂಗೆ ಎದ್ದೆವು ಎಂದು ಒಪ್ಪಲೇ ಇಲ್ಲ. ತಮ್ಮದೇ ಕಾನೂನುಬದ್ಧ ಸರ್ಕಾರ ಅಂದರು. ಗುರುತು ಸಿಗಲಿ ಅಂತ ಇಲ್ಲಿ ರೂಢಿಯ ಹೆಸರನ್ನೇ ಬಳಸಿದ್ದೇನೆ.

ಆ ಹೊತ್ತಿಗೆ ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು ಅರವತ್ತು ವರ್ಷದ ಮೇಲಾಗಿತ್ತು ಅಲ್ವಾ?

ಹೌದು. ಸ್ವಾತಂತ್ರ್ಯ ಬಂದಾಗ ಹೆಚ್ಚಿನ ರಾಜ್ಯಗಳು ಹಳೆಯದನ್ನು ಬಿಟ್ಟು ಹೊಸ ಸಂವಿಧಾನ ಬರೆದುಕೊಂಡವು. ರೋಡ್ ಐಲೆಂಡ್ ಬರೆಯಲಿಲ್ಲ. 1663ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಕೊಟ್ಟ ಸನ್ನದನ್ನೇ ಇಟ್ಟುಕೊಂಡು ಆಳಿಕೊಂಡು ಹೋಯಿತು. ಕನೆಕ್ಟಿಕಟ್ ಕೂಡ ಹೀಗೇ ಇತ್ತು, ಆದರೆ 1818ರಲ್ಲಿ ಬದಲಾಯಿತು. ಆಮೇಲೆ ಉಳಿದದ್ದು ರೋಡ್ ಐಲೆಂಡ್ ಒಂದೇ.

ಆ ಸನ್ನದನ್ನು ಸುಮ್ನೆ ಬೈಯುವುದು ತಪ್ಪಾಗುತ್ತದೆ. ಅದರ ಕಾಲಕ್ಕೆ ಅದು ತುಂಬ ಉದಾರವಾದದ್ದು. ಯಾರು ಯಾವ ಧರ್ಮವನ್ನಾದರೂ ನಂಬಿಕೊಂಡು ನೆಮ್ಮದಿಯಾಗಿ ಇರಬಹುದು ಎಂದು 1663ರಲ್ಲೇ ಹೇಳಿತ್ತು. ಆದರೆ ಅದನ್ನು ತಿದ್ದುವ ದಾರಿಯನ್ನು ಅದರಲ್ಲಿ ಬರೆದಿರಲಿಲ್ಲ. ಮುಂದಿನ ಗೋಳೆಲ್ಲ ಹುಟ್ಟಿದ್ದು ಅಲ್ಲಿಂದ.

134 ಡಾಲರ್ ಅನ್ನುವ ಲೆಕ್ಕ ಏನು?

ವೋಟು ಹಾಕಬೇಕಾದರೆ ಕನಿಷ್ಠ 134 ಡಾಲರ್ ಬೆಲೆಯ ಜಮೀನು ಸ್ವಂತದ್ದಾಗಿರಬೇಕು, ಇಲ್ಲವೇ ವರ್ಷಕ್ಕೆ 7 ಡಾಲರ್ ಬಾಡಿಗೆ ಹುಟ್ಟುವ ಸ್ಥಿರಾಸ್ತಿ ಇರಬೇಕು. ಬ್ರಿಟಿಷರ ಕಾಲದ 40 ಪೌಂಡನ್ನು ಡಾಲರಿಗೆ ತಿರುಗಿಸಿದಾಗ ಬಂದ ಅಂಕಿ ಅದು. ಹೀಗೆ ಹಕ್ಕಿದ್ದವನನ್ನು 'ಫ್ರೀಮನ್' ಅನ್ನುತ್ತಿದ್ದರು. ಫ್ರೀಮನ್‌ನ ಹಿರಿ ಮಗನಿಗೂ ವೋಟಿತ್ತು. ಎರಡನೇ ಮಗನಿಗೆ ಇರಲಿಲ್ಲ.

ಎಲ್ಲರೂ ರೈತರಾಗಿದ್ದ ಕಾಲದಲ್ಲಿ ಇದು ಅಷ್ಟು ಚುಚ್ಚಲಿಲ್ಲ, ಹೆಚ್ಚಿನ ಮನೆಗಳಿಗೆ ಹೊಲವಿತ್ತು. ಆದರೆ 1790ರಲ್ಲಿ ಪಾಟಕೆಟ್‌ನಲ್ಲಿ ಸ್ಯಾಮುಯೆಲ್ ಸ್ಲೇಟರ್ ನೀರಿನ ಬಲದಿಂದ ಹತ್ತಿ ನೂಲುವ ಯಂತ್ರ ನಡೆಸಿದ ಮೇಲೆ ರಾಜ್ಯದ ಮುಖವೇ ಬದಲಾಯಿತು. ನದಿ ದಂಡೆಯುದ್ದಕ್ಕೂ ಗಿರಣಿಗಳು ಎದ್ದವು. ಹಳ್ಳಿಯ ಹುಡುಗರು ಗಿರಣಿಗೆ ಬಂದರು, ಐರ್ಲೆಂಡಿನಿಂದ ವಲಸೆ ಬಂದವರು ಸೇರಿಕೊಂಡರು. ಅವರದ್ದು ಬಾಡಿಗೆ ಮನೆ, ಕೂಲಿ ಸಂಬಳ. ಜಮೀನು ಎಲ್ಲಿಂದ ಬರಬೇಕು? 1840ರ ಹೊತ್ತಿಗೆ ವಯಸ್ಕ ಬಿಳಿಯ ಗಂಡಸರಲ್ಲೇ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ವೋಟು ಇರಲಿಲ್ಲ.

ಶಾಸನಸಭೆಯ ಸೀಟು ಹಂಚಿಕೆಯೂ ಹಾಗೇ ಕೊಳೆತಿತ್ತು. ಸನ್ನದಿನ ಪ್ರಕಾರ ನ್ಯೂಪೋರ್ಟ್‌ಗೆ 6 ಸೀಟು, ಪ್ರಾವಿಡೆನ್ಸ್‌ಗೆ 4. 1840ರಲ್ಲಿ ನ್ಯೂಪೋರ್ಟ್‌ನ ಜನಸಂಖ್ಯೆ ಸುಮಾರು 8,000, ಪ್ರಾವಿಡೆನ್ಸ್‌ನದು ಸುಮಾರು 23,000. ಆದರೂ ಸೀಟು ಅಷ್ಟೇ.

ವೋಟು ಇಲ್ಲದಿದ್ದರೆ ದಿನನಿತ್ಯದ ಬದುಕಿಗೆ ಏನು ತೊಂದರೆ?

ತುಂಬ ತೊಂದರೆ. ಈ ಪ್ರಶ್ನೆಯನ್ನು ಇನ್ನೂ ಹೆಚ್ಚು ಜನ ಕೇಳಬೇಕಿತ್ತು ಅನ್ನಿಸುತ್ತದೆ.

ಒಬ್ಬ ಬಡಗಿ ಯಾರಿಗೋ ಬಾಗಿಲು ಮಾಡಿಕೊಟ್ಟ ಅಂದುಕೊಳ್ಳಿ. ಅವನು ದುಡ್ಡು ಕೊಡಲಿಲ್ಲ. ಬಡಗಿ ಕೋರ್ಟಿಗೆ ಹೋಗಬೇಕಾದರೆ ದಾವೆಯ ಕಾಗದಕ್ಕೆ ಒಬ್ಬ ಜಮೀನುದಾರನ ಸಹಿ ಬೇಕು. ಅಂದರೆ ತಾನು ದುಡಿದ ದುಡ್ಡು ಕೇಳಲು ಇನ್ನೊಬ್ಬರ ಮನೆ ಬಾಗಿಲಲ್ಲಿ ನಿಲ್ಲಬೇಕು. ನ್ಯಾಯ ತೀರ್ಮಾನಿಸುವ ಜ್ಯೂರಿಯಲ್ಲಿ ಕೂರುವ ಹಕ್ಕೂ ಫ್ರೀಮನ್‌ಗಳಿಗೆ ಮಾತ್ರ. ಆದರೆ ಊರ ಜನರದೇ ಪಡೆಯಾದ ಮಿಲಿಷಿಯಾದಲ್ಲಿ ಬಂದೂಕು ಹಿಡಿದು ಕವಾಯತು ಮಾಡಲು ಜಮೀನು ಬೇಕಿರಲಿಲ್ಲ. ಅದು ಎಲ್ಲರಿಗೂ ಕಡ್ಡಾಯ.

ಇದನ್ನು ಬಿಡಿಸಿ ಹೇಳಿದವನು ಸೆತ್ ಲೂಥರ್ ಅನ್ನುವ ಬಡಗಿಯೇ. ಗಿರಣಿ ಮಕ್ಕಳ ದುಡಿತದ ಬಗ್ಗೆ, ವೋಟಿನ ಬಗ್ಗೆ ಊರೂರು ತಿರುಗಿ ಮಾತಾಡಿದ. 1833ರಲ್ಲಿ ಅವನು ಮಾಡಿದ ಭಾಷಣ ಅಚ್ಚಾಗಿ ಕೈಯಿಂದ ಕೈಗೆ ಹೋಯಿತು. ಡಾರ್ ಹೆಸರು ಕೇಳಿಬರುವ ಮೊದಲೇ ನೆಲ ಹದ ಮಾಡಿದವನು ಅವನು.

ಹಾಗಾದರೆ ಡಾರ್ ಕೂಡ ಬಡವನೇ?

ಅಲ್ಲ. 1805ರಲ್ಲಿ ಪ್ರಾವಿಡೆನ್ಸ್‌ನಲ್ಲಿ ಹುಟ್ಟಿದ ಶ್ರೀಮಂತರ ಮಗ. ತಂದೆ ಸಲಿವನ್ ಡಾರ್ ಚೀನಾ ವ್ಯಾಪಾರದಲ್ಲಿ ದುಡ್ಡು ಮಾಡಿದವರು. ಮಗ ಹಾರ್ವರ್ಡ್‌ನಲ್ಲಿ ಓದಿ ವಕೀಲನಾದ, 1834ರಲ್ಲಿ ಶಾಸನಸಭೆಗೆ ಆರಿಸಿ ಬಂದ. ಸಭೆಯ ಒಳಗಿದ್ದುಕೊಂಡೇ ಬದಲಾವಣೆ ತರಲು ಕೆಲವು ವರ್ಷ ಪ್ರಯತ್ನಪಟ್ಟ. ಆಗಲಿಲ್ಲ. ಅವನಿಗೆ ವೋಟಿತ್ತು, ಮನೆಯಿತ್ತು, ಬಳಗವಿತ್ತು. ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಸರ್ಕಾರದ ಅಪ್ಪಣೆ ಇಲ್ಲದೆ ಜನ ಸಂವಿಧಾನ ಬರೆಯಬಹುದೇ?

ಇಡೀ ಜಗಳ ಇದರದ್ದೇ.

ಹಳೇ ಸರ್ಕಾರದ ವಾದ ಹೀಗಿತ್ತು: ಬದಲಾವಣೆ ಬೇಕಾದರೆ ಶಾಸನಸಭೆ ಮಾಡಬೇಕು, ಶಾಸನಸಭೆಯನ್ನು ಫ್ರೀಮನ್‌ಗಳು ಆರಿಸಬೇಕು. ಡಾರ್ ಕಡೆಯವರು ಕೇಳಿದರು: ಬಾಗಿಲ ಒಳಗಿರುವವರೇ ಬಾಗಿಲು ತೆಗೆಯಬೇಕು, ಅವರು ತೆಗೆಯುವುದಿಲ್ಲ, ಹಾಗಾದರೆ ಹೊರಗಿರುವವರು ಎಷ್ಟು ತಲೆಮಾರು ಕಾಯಬೇಕು? ಅಧಿಕಾರ ಜನರದ್ದು ಎಂದು 1776ರಲ್ಲಿ ಹೇಳಿ ದೊರೆಯನ್ನೇ ಕಳಿಸಿದ ದೇಶ ಇದು. ಅದೇ ಜನ ರಾಜ್ಯದ ಸಂವಿಧಾನ ಬದಲಿಸಲು ಯಾರ ಅಪ್ಪಣೆ ಬೇಕು?

ನನಗೆ ಡಾರ್ ಕಡೆಯ ವಾದವೇ ಸರಿ ಅನ್ನಿಸುತ್ತದೆ. ಅವರು ಮೊದಲು ಅರ್ಜಿ ಕೊಟ್ಟಿದ್ದರು, ಮತ್ತೆ ಮತ್ತೆ ಕೊಟ್ಟಿದ್ದರು. 1840ರಲ್ಲಿ ಮತದಾನ ಹಕ್ಕಿನ ಸಂಘ ಕಟ್ಟಿದರು. 1841ರ ಏಪ್ರಿಲ್‌ನಲ್ಲಿ ಪ್ರಾವಿಡೆನ್ಸ್‌ನ ಬೀದಿಗಳಲ್ಲಿ ದೊಡ್ಡ ಮೆರವಣಿಗೆ ಮಾಡಿದರು. ಮನುಷ್ಯನ ಯೋಗ್ಯತೆ ದೊಡ್ಡದೋ, 134 ಡಾಲರ್ ಮಣ್ಣು ದೊಡ್ಡದೋ ಎಂದು ಬಾವುಟ ಹಿಡಿದು ಕೇಳಿದರು. ಅಷ್ಟಾದ ಮೇಲೆ ಆ ವರ್ಷದ ಅಕ್ಟೋಬರ್‌ನಲ್ಲಿ ತಮ್ಮದೇ ಪ್ರತಿನಿಧಿಗಳ ಸಭೆ ಸೇರಿಸಿ 'ಜನರ ಸಂವಿಧಾನ' ಬರೆದರು.

ಅದಕ್ಕೆ ನಿಜವಾಗಿ ಜನ ಮತ ಹಾಕಿದರಾ?

ಹಾಕಿದರು. 1841ರ ಡಿಸೆಂಬರ್ 27ರಿಂದ ಮೂರು ದಿನ ಸಭೆಗಳಲ್ಲಿ ಮತದಾನ ನಡೆಯಿತು. ಬರಲಾಗದವರಿಗೆ ಇನ್ನೂ ಮೂರು ದಿನ ಕೊಟ್ಟರು.

ಆ ಮತಚೀಟಿಯನ್ನು ಹತ್ತಿರದಿಂದ ನೋಡಬೇಕು. ಅದರಲ್ಲಿ ಮೊದಲು ಅಚ್ಚಾಗಿದ್ದದ್ದು, ತಾನು ಅಮೆರಿಕದ ಪ್ರಜೆ, ತನಗೆ 21 ವರ್ಷ ಆಗಿದೆ, ತನ್ನ ಮನೆ ಈ ರಾಜ್ಯದಲ್ಲಿದೆ ಎಂಬ ಮಾತು. ಆಮೇಲೆ ಈಗಿನ ಕಾನೂನಿನಲ್ಲಿ ತನಗೆ ವೋಟಿದೆಯೋ ಇಲ್ಲವೋ ಎಂದು ಅವನೇ ಹೇಳಬೇಕು. ಚೀಟಿಯಲ್ಲಿ ತನ್ನ ಹೆಸರನ್ನೂ ಬರೆಯಬೇಕು. ಗುಟ್ಟಿನ ಮತದಾನ ಅಲ್ಲವೇ ಅಲ್ಲ. ಗಿರಣಿ ಧಣಿ ನೋಡಬಹುದು, ಮನೆ ಬಾಡಿಗೆಗೆ ಕೊಟ್ಟವನು ನೋಡಬಹುದು. ಹಾಗಿದ್ದೂ ಹೆಸರು ಬರೆದರು.

ಪರವಾಗಿ ಸುಮಾರು 14,000 ಮತ, ವಿರುದ್ಧವಾಗಿ ಬರೀ ಐವತ್ತರಷ್ಟು. ಎದುರಾಳಿಗಳು ಮತದಾನಕ್ಕೇ ಬರಲಿಲ್ಲ, ಹಾಗಾಗಿ ವಿರುದ್ಧ ಮತ ಕಡಿಮೆ. ಆದರೆ ಆಗ ರಾಜ್ಯದಲ್ಲಿದ್ದ ಅರ್ಹ ವಯಸ್ಕ ಗಂಡಸರು ಸುಮಾರು 23,000. 14,000 ಅಂದರೆ ಅರ್ಧಕ್ಕಿಂತ ಜಾಸ್ತಿಯೇ. ಫ್ರೀಮನ್‌ಗಳಲ್ಲೂ ಬಹುಮತ ತಮಗೇ ಬಂದಿದೆ ಎಂದು ಡಾರ್ ಕಡೆಯವರು ಲೆಕ್ಕ ಹಾಕಿ ತೋರಿಸಿದರು. ಕಳ್ಳ ವೋಟು ಎಂದು ಎದುರಾಳಿಗಳು ಕೂಗಾಡಿದರು.

ಜನರ ಸಂವಿಧಾನದಲ್ಲಿ ಕಪ್ಪು ಜನರಿಗೆ ವೋಟು ಇತ್ತೇ?

ಇರಲಿಲ್ಲ. ಈ ಚಳವಳಿಯ ಮೇಲೆ ಎಷ್ಟೇ ಗೌರವ ಇದ್ದರೂ ಇದನ್ನು ಮುಚ್ಚಿಡಬಾರದು.

ರೋಡ್ ಐಲೆಂಡ್‌ನಲ್ಲಿ ಕಪ್ಪು ಜನರ ವೋಟನ್ನು 1822ರಲ್ಲೇ ಕಾನೂನು ಮಾಡಿ ಕಿತ್ತುಕೊಂಡಿದ್ದರು. ಜನರ ಸಂವಿಧಾನ ಬರೆಯುವಾಗ ಅದನ್ನು ಸರಿಪಡಿಸುವ ಅವಕಾಶ ಬಂತು. ಪ್ರಾವಿಡೆನ್ಸ್‌ನ ಕಪ್ಪು ಸಮುದಾಯ ಸಭೆಗೆ ಮನವಿ ಬರೆಯಿತು. ಆಗ ಅಲ್ಲಿ ಚರ್ಚಿನ ಸೇವೆಯಲ್ಲಿದ್ದ ಅಲೆಕ್ಸಾಂಡರ್ ಕ್ರಮ್ಮೆಲ್ ಆ ಕೆಲಸದ ಮುಂದಾಳು. ನಾವು ಇಲ್ಲೇ ಹುಟ್ಟಿದವರು, ಇಲ್ಲೇ ದುಡಿದವರು, ಚರ್ಮದ ಬಣ್ಣ ನೋಡಿ ಹಕ್ಕು ಕೊಡುವುದು ನೀವು ಹೇಳುವ ಸಮಾನತೆಗೇ ವಿರೋಧ ಎಂಬುದು ಮನವಿಯ ತಿರುಳು. ಡಾರ್ ಕಪ್ಪು ಜನರ ಪರ ನಿಂತ. ಸಭೆ ಒಪ್ಪಲಿಲ್ಲ. 'ಬಿಳಿಯ' ಅನ್ನುವ ಪದ ಸಂವಿಧಾನದಲ್ಲಿ ಉಳಿಯಿತು.

ಗುಲಾಮಗಿರಿಯ ವಿರೋಧಿಗಳಿಗೆ ಇದು ಸಿಟ್ಟು ತರಿಸಿತು. ಅಬಿ ಕೆಲ್ಲಿ ಬಂದಳು. ಮೂರು ವರ್ಷದ ಹಿಂದಷ್ಟೇ ಗುಲಾಮಗಿರಿಯಿಂದ ತಪ್ಪಿಸಿಕೊಂಡಿದ್ದ ಫ್ರೆಡರಿಕ್ ಡಗ್ಲಸ್ ಬಂದ. ಊರೂರಿಗೆ ಹೋಗಿ ಈ ಸಂವಿಧಾನವನ್ನು ತಿರಸ್ಕರಿಸಿ ಎಂದು ಭಾಷಣ ಮಾಡಿದರು. ಗುಂಪುಗಳು ನುಗ್ಗಿ ಅವರ ಸಭೆಗಳನ್ನು ಕೆಡಿಸಿದವು. ಹಕ್ಕು ಕೇಳುತ್ತಿದ್ದ ಜನರೇ, ಹಕ್ಕು ಕೇಳಲು ಬಂದ ಇನ್ನೊಬ್ಬರ ಬಾಯಿ ಮುಚ್ಚಿಸಿದರು.

ಅದರ ಬೆಲೆಯನ್ನೂ ತೆತ್ತರು. ಮುಂದೆ ಜಗಳ ಬಂದೂಕಿಗೆ ಹೋದಾಗ ಪ್ರಾವಿಡೆನ್ಸ್‌ನ ಕಪ್ಪು ಗಂಡಸರು ಸುಮಾರು 200 ಮಂದಿ ಹಳೇ ಸರ್ಕಾರದ ಕಡೆ ಸೇರಿ ನಗರ ಕಾದರು. ಅವರನ್ನು ದೂರುವುದು ಹೇಗೆ? ಹೊರಗೆ ನಿಲ್ಲಿ ಎಂದು ಹೇಳಿದ್ದು ಡಾರ್ ಕಡೆಯ ಸಭೆಯೇ. ಆ ಒಂದು ಪದವನ್ನು ಹೊಡೆದು ಹಾಕಿದ್ದರೆ ಆ 200 ಜನ ಎಲ್ಲಿ ನಿಲ್ಲುತ್ತಿದ್ದರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹೆಂಗಸರ ಪಾತ್ರ?

ಅವರಿಗೂ ವೋಟು ಇರಲಿಲ್ಲ, ಆ ಹೊತ್ತಿಗೆ ಯಾರೂ ಕೊಡಲು ಹೊರಟಿರಲಿಲ್ಲ. ಆದರೂ ದಂಗೆ ಸೋತು ಗಂಡಸರು ಜೈಲು ಸೇರಿದಾಗ ಅಥವಾ ಊರು ಬಿಟ್ಟಾಗ ಚಳವಳಿಯನ್ನು ಬದುಕಿಸಿದ್ದು ಹೆಂಗಸರೇ. ಕೈದಿಗಳ ಕುಟುಂಬಗಳಿಗೆ ದುಡ್ಡು ಎತ್ತಿದರು. ಕಡಲ ಚಿಪ್ಪು ಬೇಯಿಸಿ ಎಲ್ಲರೂ ಕೂಡಿ ಉಣ್ಣುವ 'ಕ್ಲ್ಯಾಮ್‌ಬೇಕ್' ಅನ್ನುವ ಪದ್ಧತಿ ಆ ಸೀಮೆಯಲ್ಲಿದೆ. ಅದನ್ನೇ ರಾಜಕೀಯ ಸಭೆ ಮಾಡಿ ಸಾವಿರಾರು ಜನರನ್ನು ಸೇರಿಸಿದರು. ಲೇಖಕಿ ಕ್ಯಾಥರೀನ್ ವಿಲಿಯಮ್ಸ್ ಡಾರ್ ಪರ ಗಟ್ಟಿಯಾಗಿ ನಿಂತವರಲ್ಲಿ ಒಬ್ಬಳು.

ಒಂದು ರಾಜ್ಯಕ್ಕೆ ಇಬ್ಬರು ಗವರ್ನರುಗಳು ಹೇಗೆ ಆದರು?

ಹಳೇ ಸರ್ಕಾರ ತಾನೂ ಒಂದು ಸಂವಿಧಾನ ಬರೆಸಿ 1842ರ ಮಾರ್ಚ್‌ನಲ್ಲಿ ಮತಕ್ಕೆ ಹಾಕಿತು. ಅದು 676 ಮತಗಳ ಅಂತರದಿಂದ ಬಿದ್ದುಹೋಯಿತು. ಡಾರ್ ಕಡೆಯವರೂ ಬೇಡ ಅಂದರು, ಏನೂ ಬದಲಾಗಬಾರದು ಅನ್ನುವ ಹಳಬರೂ ಬೇಡ ಅಂದರು.

ಏಪ್ರಿಲ್‌ನಲ್ಲಿ ಸರ್ಕಾರ ಒಂದು ಕಠಿಣ ಕಾನೂನು ತಂದಿತು. ಜನರ ಸಂವಿಧಾನದ ಅಡಿ ಚುನಾವಣೆ ನಡೆಸಿದರೆ ದಂಡ, ಜೈಲು. ಅಧಿಕಾರ ಚಲಾಯಿಸಿದರೆ ಅದು ರಾಜದ್ರೋಹ, ಜೀವಾವಧಿ ಸಜೆ. ಅಲ್ಜಿಯರ್ಸ್‌ನ ಸರ್ವಾಧಿಕಾರಿ ದೊರೆಯನ್ನು ನೆನೆದು ಜನ ಇದಕ್ಕೆ 'ಅಲ್ಜಿರೈನ್ ಕಾನೂನು' ಎಂದು ಹೆಸರಿಟ್ಟರು.

ಅಂಜಿದವರು ಅಂಜಿದರು. ಆದರೂ ಏಪ್ರಿಲ್ 18ರಂದು 6,359 ಮತ ಪಡೆದು ಡಾರ್ ಗವರ್ನರ್ ಆಗಿ ಆಯ್ಕೆಯಾದ. ಎರಡು ದಿನ ಬಿಟ್ಟು ಹಳೇ ಪದ್ಧತಿಯಲ್ಲಿ ಸ್ಯಾಮುಯೆಲ್ ವಾರ್ಡ್ ಕಿಂಗ್ ಮತ್ತೆ ಗವರ್ನರ್ ಆದ.

ಮೇ 3ರಂದು ಡಾರ್‌ನ ಶಾಸನಸಭೆ ಪ್ರಾವಿಡೆನ್ಸ್‌ನಲ್ಲಿ ಮೆರವಣಿಗೆಯಲ್ಲಿ ಬಂತು. ಸಭಾಭವನಕ್ಕೆ ಬೀಗ. ಹತ್ತಿರದಲ್ಲಿ ಇನ್ನೂ ಕಟ್ಟಿ ಮುಗಿಯದ ಒಂದು ಎರಕದ ಕಾರ್ಖಾನೆಯಲ್ಲಿ ಸೇರಿದರು. ಎರಡು ದಿನ ಕೂತು ಕಾನೂನು ಮಾಡಿ ಮನೆಗೆ ಹೋದರು. ಅವತ್ತೇ ಬೀಗ ಒಡೆದು ಸಭಾಭವನ ಹಿಡಿಯಬೇಕಿತ್ತು ಎಂದು ಡಾರ್ ಆಮೇಲೆ ಕೊರಗಿದ. ಬೀದಿ ತುಂಬ ಅವರದೇ ಜನ ಇದ್ದ ದಿನ ಅದು.

ಅಮೆರಿಕದ ಅಧ್ಯಕ್ಷರು ಏನು ಮಾಡಿದರು?

ಜಾನ್ ಟೈಲರ್ ಆಗ ಅಧ್ಯಕ್ಷ. ಎರಡೂ ಕಡೆಯವರು ಅವರ ಹತ್ತಿರ ಹೋದರು. ದಂಗೆ ನಿಜವಾಗಿ ನಡೆದರೆ ಇರುವ ಸರ್ಕಾರದ ಪರ ನಿಲ್ಲಬೇಕಾಗುತ್ತದೆ ಎಂದು ಟೈಲರ್ ಹಳೇ ಸರ್ಕಾರದ ಗವರ್ನರ್ ಕಿಂಗ್‌ಗೆ ಬರೆದರು. ಆದರೆ ಜಗಳಕ್ಕೆ ಸೈನ್ಯ ಇಳಿಸಲಿಲ್ಲ. ಡಾರ್ ಬರಿಗೈಯಲ್ಲಿ ವಾಷಿಂಗ್ಟನ್‌ನಿಂದ ಹೊರಟ. ದಾರಿಯಲ್ಲಿ ನ್ಯೂಯಾರ್ಕ್‌ನ ಡೆಮಾಕ್ರಟಿಕ್ ಮುಖಂಡರು ಭರ್ಜರಿ ಸ್ವಾಗತ ಕೊಟ್ಟು ಬೆಂಬಲದ ಮಾತಾಡಿದರು. ಆ ಮಾತನ್ನು ಅವನು ಜಾಸ್ತಿ ನಂಬಿಬಿಟ್ಟ.

ಫಿರಂಗಿ ಹಾರದ ರಾತ್ರಿ ಅಂದರೆ ಯಾವುದು?

1842ರ ಮೇ 17ರ ರಾತ್ರಿ. ಪ್ರಾವಿಡೆನ್ಸ್‌ನ ಡೆಕ್ಸ್‌ಟರ್ ಮೈದಾನದ ಬಳಿ ರಾಜ್ಯದ ಶಸ್ತ್ರಾಗಾರ ಇತ್ತು. ಅದನ್ನು ಹಿಡಿಯುವುದೆಂದು ಡಾರ್ ತೀರ್ಮಾನಿಸಿದ. ಸುಮಾರು 230 ಜನ, ಎರಡು ಫಿರಂಗಿ. ಆ ಫಿರಂಗಿಗಳು ಸ್ವಾತಂತ್ರ್ಯ ಯುದ್ಧದ ಕಾಲದವು. 1777ರಲ್ಲಿ ಸಾರಟೋಗದಲ್ಲಿ ಬ್ರಿಟಿಷ್ ಸೇನಾಪತಿ ಬರ್ಗಾಯ್ನ್ ಶರಣಾದಾಗ ವಶವಾದವು ಎನ್ನುತ್ತಾರೆ.

ದಟ್ಟ ಮಂಜು. ಪಕ್ಕದವನ ಮುಖ ಕಾಣುತ್ತಿರಲಿಲ್ಲ. ಕತ್ತಲಲ್ಲಿ ಒಬ್ಬೊಬ್ಬರೇ ಜಾರಿಕೊಂಡರು. ಶರಣಾಗಿ ಎಂದು ಹೇಳಿ ಕಳಿಸಿದರೆ ಒಳಗಿನಿಂದ ಆಗುವುದಿಲ್ಲ ಎಂಬ ಉತ್ತರ ಬಂತು. ಒಳಗೆ ಕಾವಲಿಗೆ ನಿಂತವರಲ್ಲಿ ಡಾರ್‌ನ ತಂದೆ ಇದ್ದರು. ತಮ್ಮ ಇದ್ದ. ಸೋದರಮಾವ ಕ್ರಾಫರ್ಡ್ ಆಲೆನ್ ಇದ್ದರು.

ಬತ್ತಿ ತಾಗಿಸಲು ಹೇಳಿದರು. ಫಿರಂಗಿಯ ಬತ್ತಿ ತೂತಿನ ಮದ್ದು ಭಗ್ಗೆಂದು ಹೊತ್ತಿ ಆರಿತು. ಗುಂಡು ಹಾರಲಿಲ್ಲ. ಇನ್ನೊಂದಕ್ಕೂ ಹಚ್ಚಿದರು, ಅದೂ ಅಷ್ಟೇ. ಮದ್ದು ಒದ್ದೆಯಾಗಿತ್ತು ಎಂದು ಕೆಲವರು, ಯಾರೋ ಬೇಕೆಂದೇ ಕೆಡಿಸಿದ್ದರು ಎಂದು ಕೆಲವರು. ಹಾರಿದ್ದರೆ ಮಗನ ಗುಂಡು ತಂದೆಯಿದ್ದ ಗೋಡೆಗೆ ಬೀಳುತ್ತಿತ್ತು. ಬೆಳಗಾಗುವಷ್ಟರಲ್ಲಿ ಹೆಚ್ಚಿನವರು ಮನೆ ಸೇರಿದ್ದರು, ಅವನ ಸರ್ಕಾರದ ಎಷ್ಟೋ ಸದಸ್ಯರು ರಾಜೀನಾಮೆ ಕೊಟ್ಟರು. ಡಾರ್ ರಾಜ್ಯ ಬಿಟ್ಟು ಓಡಿದ.

ಚೆಪಾಚೆಟ್‌ನಲ್ಲಿ ನಡೆದದ್ದೇನು?

ಜೂನ್ ಕೊನೆಯಲ್ಲಿ ಡಾರ್ ರಾಜ್ಯದ ವಾಯವ್ಯದಲ್ಲಿರುವ ಚೆಪಾಚೆಟ್ ಹಳ್ಳಿಗೆ ವಾಪಸ್ ಬಂದ. ಅಲ್ಲಿ ಏಕೋಟ್ಸ್ ಹಿಲ್ ಅನ್ನುವ ದಿಣ್ಣೆಯ ಮೇಲೆ ಬೆಂಬಲಿಗರು ನೆಲೆ ಮಾಡಿದ್ದರು. ತನ್ನ ಶಾಸನಸಭೆ ಅಲ್ಲಿ ಸೇರುತ್ತದೆ ಎಂದು ಅವನು ನಂಬಿದ್ದ. ಬಂದವರು ಕೆಲವು ನೂರು ಜನ. ಸರ್ಕಾರ ಸೇನಾ ಆಡಳಿತ ಹೇರಿ ಸಾವಿರಾರು ಸೈನಿಕರನ್ನು ಕಳಿಸಿತು. ರಕ್ತ ಹರಿಸುವುದು ಬೇಡ ಎಂದು ಡಾರ್ ಜೂನ್ 27ರಂದು ತನ್ನವರನ್ನು ಮನೆಗೆ ಕಳಿಸಿದ. ಮರುದಿನ ಸೈನ್ಯ ಬಂದಾಗ ದಿಣ್ಣೆ ಖಾಲಿ. ಸಿಕ್ಕವರನ್ನು ಹಗ್ಗದಲ್ಲಿ ಸಾಲಾಗಿ ಕಟ್ಟಿ ಪ್ರಾವಿಡೆನ್ಸ್‌ವರೆಗೆ ನಡೆಸಿಕೊಂಡು ಹೋದರು. ಸೆತ್ ಲೂಥರ್ ಕೂಡ ಜೈಲು ಪಾಲಾದ.

ಯಾರಾದರೂ ಸತ್ತರಾ?

ಪಾಟಕೆಟ್ ಸೇತುವೆಯ ಬಳಿ ಸೈನಿಕರು ಹಾರಿಸಿದ ಗುಂಡಿಗೆ ಅಲೆಕ್ಸಾಂಡರ್ ಕೆಲ್ಬಿ ಅನ್ನುವವನು ಸತ್ತ. ಅವನು ಡಾರ್‌ನ ಪಡೆಯವನಲ್ಲ, ನೋಡುತ್ತ ನಿಂತಿದ್ದವನು.

ಡಾರ್‌ಗೆ ಏನಾಯಿತು?

ಒಂದು ವರ್ಷಕ್ಕೂ ಜಾಸ್ತಿ ಬೇರೆ ರಾಜ್ಯಗಳಲ್ಲಿದ್ದ. 1843ರ ಅಕ್ಟೋಬರ್ 31ರಂದು ತಾನಾಗಿಯೇ ಪ್ರಾವಿಡೆನ್ಸ್‌ಗೆ ಬಂದ. ಬಂಧಿಸಿದರು. ಘಟನೆ ನಡೆದದ್ದು ಪ್ರಾವಿಡೆನ್ಸ್ ಕಡೆ, ವಿಚಾರಣೆ ಮಾಡಿದ್ದು ಎದುರಾಳಿಗಳ ಬಲವಿದ್ದ ನ್ಯೂಪೋರ್ಟ್‌ನಲ್ಲಿ. 1844ರ ಜೂನ್‌ನಲ್ಲಿ ಜೀವಾವಧಿ ಕಠಿಣ ಸಜೆ, ಅದೂ ಒಂಟಿ ಕೋಣೆಯಲ್ಲಿ. ಜೈಲಿನಲ್ಲಿ ಅವನಿಗೆ ಕೊಟ್ಟ ಕೆಲಸ ಬೀಸಣಿಗೆಗಳಿಗೆ ಬಣ್ಣ ಹಚ್ಚುವುದು.

ಹೊಸ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ ಎಂದು ಪ್ರಮಾಣ ಮಾಡಿದರೆ ಬಿಡುತ್ತೇವೆ ಅಂದರು. ಒಪ್ಪಲಿಲ್ಲ. ಕೊನೆಗೆ ಅವನ ಬಿಡುಗಡೆಯೇ ಚುನಾವಣೆಯ ವಿಷಯವಾಗಿ, ಬಿಡಿಸುತ್ತೇವೆ ಎಂದವರು ಗೆದ್ದು, 1845ರ ಜೂನ್‌ನಲ್ಲಿ ಷರತ್ತಿಲ್ಲದೆ ಹೊರಗೆ ಬಂದ. ಆರೋಗ್ಯ ಮಾತ್ರ ಮತ್ತೆ ಕೂಡಿಬರಲಿಲ್ಲ.

ಸುಪ್ರೀಂ ಕೋರ್ಟ್ ಏನು ಹೇಳಿತು?

ಮಾರ್ಟಿನ್ ಲೂಥರ್ ಅನ್ನುವ ಬೂಟು ಹೊಲಿಯುವವನು ಡಾರ್ ಕಡೆಯವನು. ಸೇನಾ ಆಡಳಿತದ ದಿನಗಳಲ್ಲಿ ಲೂಥರ್ ಬೋರ್ಡನ್ ಎಂಬುವನೂ ಅವನ ಜೊತೆಯವರೂ ಇವನ ಮನೆಗೆ ನುಗ್ಗಿ ಹುಡುಕಾಡಿದರು. ಇವನು ಇರಲಿಲ್ಲ, ವಯಸ್ಸಾದ ತಾಯಿ ಇದ್ದಳು. ಕಾನೂನುಬದ್ಧ ಸರ್ಕಾರ ನಮ್ಮದು, ನಿಮಗೆ ನುಗ್ಗಲು ಅಧಿಕಾರ ಕೊಟ್ಟವರು ಯಾರು ಎಂದು ಅವನು ದಾವೆ ಹೂಡಿದ. 1849ರಲ್ಲಿ ತೀರ್ಪು ಬಂತು. ಯಾವ ಸರ್ಕಾರ ಸರಿ ಎಂದು ಹೇಳುವುದು ಕೋರ್ಟಿನ ಕೆಲಸ ಅಲ್ಲ, ಅದು ರಾಜಕೀಯ ಪ್ರಶ್ನೆ, ಕಾಂಗ್ರೆಸ್ (ಅಲ್ಲಿನ ಸಂಸತ್ತು) ಮತ್ತು ಅಧ್ಯಕ್ಷರಿಗೆ ಬಿಟ್ಟದ್ದು ಎಂದು ಮುಖ್ಯ ನ್ಯಾಯಾಧೀಶ ಟೇನಿ ಬರೆದರು. ಅಮೆರಿಕದ ವಕೀಲರು ಈ ತೀರ್ಪನ್ನು ಇವತ್ತಿಗೂ ಉಲ್ಲೇಖಿಸುತ್ತಾರೆ. ಸೀಟು ಹಂಚಿಕೆಯ ಅನ್ಯಾಯವನ್ನು ವಿಚಾರಿಸಬಹುದು ಎಂದು ಅದೇ ಕೋರ್ಟು ಒಪ್ಪಿದ್ದು 1962ರಲ್ಲಿ.

ಕೊನೆಗೂ ವೋಟು ಸಿಕ್ಕಿತೇ?

ಅರ್ಧ ಸಿಕ್ಕಿತು. ಹೆದರಿದ ಹಳೇ ಸರ್ಕಾರವೇ ಹೊಸ ಸಂವಿಧಾನ ಬರೆಸಿತು. 1843ರ ಮೇನಲ್ಲಿ ಅದು ಜಾರಿಗೆ ಬಂದು ದೊರೆಯ ಸನ್ನದು ಕೊನೆಯಾಯಿತು. ದೇಶದಲ್ಲೇ ಹುಟ್ಟಿದ ಗಂಡಸರು 1 ಡಾಲರ್ ತೆರಿಗೆ ಕಟ್ಟಿ ವೋಟು ಹಾಕಬಹುದು. 'ಬಿಳಿಯ' ಎಂಬ ಪದ ಬೇಕೇ ಬೇಡವೇ ಎಂದು ಬೇರೆಯಾಗಿ ಕೇಳಿದರು, ಬೇಡ ಎಂಬುದೇ ಗೆದ್ದಿತು. ಕಪ್ಪು ಗಂಡಸರಿಗೆ ಕಿತ್ತುಕೊಂಡ ವೋಟು ವಾಪಸ್ ಬಂತು, ಡಾರ್‌ನ ಎದುರಾಳಿಗಳ ಕೈಯಿಂದ.

ಐರಿಷ್ ಕೂಲಿಗಳಂಥ ವಲಸಿಗರು ಪೌರತ್ವ ಪಡೆದಿದ್ದರೂ 134 ಡಾಲರ್ ಜಮೀನು ಬೇಕೇ ಬೇಕು ಎಂದು ಉಳಿಸಿದರು. ಅದು ಹೋಗಿದ್ದು 1888ರಲ್ಲಿ. ಆ ನೆಲದ ಮೂಲನಿವಾಸಿಗಳಾದ ನಾರಗಾನ್ಸೆಟ್ ಬುಡಕಟ್ಟಿನವರಿಗೆ ವೋಟಿಲ್ಲ ಎಂದು ಹೆಸರು ಹಿಡಿದೇ ಬರೆದರು. ನಗರಸಭೆಯ ಚುನಾವಣೆಯಲ್ಲಿ ಆಸ್ತಿಯ ನಿಯಮ 1928ರವರೆಗೂ ಇತ್ತು.

ಇವತ್ತು ಅಲ್ಲಿಗೆ ಹೋದರೆ ನೋಡಲು ಏನಿದೆ?

ಡೆಕ್ಸ್‌ಟರ್ ಮೈದಾನ ಈಗ ಪಾರ್ಕು. ಏಕೋಟ್ಸ್ ಹಿಲ್ ಸ್ಮಶಾನ, ಅಲ್ಲಿ ಡಾರ್ ಹೆಸರಿನ ಸ್ಮಾರಕವಿದೆ. ಪ್ರಾವಿಡೆನ್ಸ್‌ನ ಈಗಿನ ಶಾಸನಸಭಾ ಭವನದಲ್ಲಿ 1663ರ ಸನ್ನದಿನ ಮೂಲಪ್ರತಿಯನ್ನು ಜೋಪಾನವಾಗಿ ಇಟ್ಟಿದ್ದಾರೆ.

ಡಾರ್‌ನ ಸಮಾಧಿ ಅದೇ ನಗರದ ಸ್ವಾನ್ ಪಾಯಿಂಟ್ ಸ್ಮಶಾನದಲ್ಲಿದೆ. ಅವನು ತೀರಿಕೊಂಡದ್ದು 1854ರ ಡಿಸೆಂಬರ್ 27. ಹದಿಮೂರು ವರ್ಷದ ಹಿಂದೆ ಅದೇ ತಾರೀಖಿನಂದು ಗಿರಣಿಯವರು, ಬಡಗಿಗಳು, ಬೂಟು ಹೊಲಿಯುವವರು ಮತಚೀಟಿಯಲ್ಲಿ ತಮ್ಮ ಹೆಸರು ಬರೆಯಲು ಸಾಲು ನಿಂತಿದ್ದರು.